ಡಬ್ಬಿಗೂ ಚಳಿ

ವಿಮಾನದಲ್ಲಿ ಗ್ಯಾಸ್ ಡಬ್ಬಿ ಒಯ್ಯುವಂತಿಲ್ಲ. ಹಾಗಾಗಿ ಕೇದಾರಕಂಠ ಹತ್ತಲು ಹೊರಟ ನಾವು ಡೆಹ್ರಾಡೂನಿನಲ್ಲೇ ಒಂದು ಬ್ಯೂಟೇನ್ ಡಬ್ಬಿ ಕೊಂಡೆವು. ಅಂಗೈಯಗಲದ ಸ್ಟವ್, ಫಿಲ್ಟರ್, ಕಾಫಿಪುಡಿ ಮಾತ್ರ ಬೆಂಗಳೂರಿನವು.

ಡಿಸೆಂಬರ್ ಮುಂಜಾನೆ, ಟೆಂಟಿನ ಹೊರಗೆ ಮೈನಸ್ 6 ಡಿಗ್ರಿ. ಲೈಟರ್ ಒತ್ತಿದೆ. ನಂದಾದೀಪದಷ್ಟು ನೀಲಿ ಕುಡಿಯೊಂದು ಇಣುಕಿ, ಎರಡು ಸಲ ಕೆಮ್ಮಿ, ಆರಿಹೋಯಿತು.

"ಖಾಲಿ ಡಬ್ಬಿ ತಂದ್ಯೇನೋ?" ಅಂದ ಗೆಳೆಯ.

ಅಲ್ಲಾಡಿಸಿದರೆ ಒಳಗೆ ಗುಳುಗುಳು! ಗ್ಯಾಸ್ ಇದೆ, ಏಳಲು ಮನಸ್ಸಿಲ್ಲ ಅಷ್ಟೆ. ಬ್ಯೂಟೇನ್ ಕುದಿಯುವುದೇ ಮೈನಸ್ ಅರ್ಧ ಡಿಗ್ರಿಯಲ್ಲಿ. ಅದಕ್ಕಿಂತ ಚಳಿಯಾದರೆ ಆವಿಯಾಗದೆ ದ್ರವವಾಗಿಯೇ ಮುದುರಿಕೊಳ್ಳುತ್ತದೆ. ಐಸೋಬ್ಯೂಟೇನ್ ಮೈನಸ್ 12ರವರೆಗೆ ತಡೆದೀತು. ಪ್ರೊಪೇನ್ ಮೈನಸ್ 42ರಲ್ಲೂ ಕೆಲಸಕ್ಕೆ ಹಾಜರು. ಅಗ್ಗ ಅಂತ ನಾನು ಆರಿಸಿದ್ದು ಮೂವರಲ್ಲಿ ಮಹಾ ಸೋಮಾರಿಯನ್ನು.

ಡಬ್ಬಿಯ ಕೆಳಗೆ ಮೇಣದಬತ್ತಿ ಹಚ್ಚೋಣ ಅಂದ ಗೆಳೆಯ. ಅವನ ಕೈಯಿಂದ ಬೆಂಕಿಪೊಟ್ಟಣ ಕಿತ್ತುಕೊಂಡ ಗೈಡ್, ಡಬ್ಬಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿಡಿ ಅಂತ ಹೇಳಿಹೋದ. ನೀರು ಬೆಚ್ಚಗಾಗಲು ಸ್ಟವ್ ಉರಿಯಬೇಕಲ್ಲ ಮಾರಾಯ! ಕೊನೆಗೆ ಪಕ್ಕದ ಟೆಂಟಿನವರ ಹತ್ತಿರ ಒಂದು ಬಟ್ಟಲು ಬೆಚ್ಚಗಿನ ನೀರು ಕಡ ತಂದೆವು, ಸ್ಟವ್ ಹೊತ್ತಿತು. ಆದರೆ ಅಷ್ಟೆತ್ತರದಲ್ಲಿ ನೀರು 90 ಡಿಗ್ರಿಯ ಆಸುಪಾಸಿಗೇ ಕುದಿಯುತ್ತದೆ. ನಡುಗುವ ಕೈಗೆ ಲೋಟ ಬರುವಷ್ಟರಲ್ಲಿ ಕಾಫಿ ಆರಿತ್ತು.

ಮಾರನೆಯ ರಾತ್ರಿ ಡಬ್ಬಿಗೆ ಸ್ಲೀಪಿಂಗ್ ಬ್ಯಾಗಿನೊಳಗೆ, ನನ್ನ ಎದೆಯ ಪಕ್ಕದಲ್ಲೇ ಹಾಸಿಗೆ. ಒಂದು ಉಣ್ಣೆ ಕಾಲುಚೀಲವನ್ನೂ ತೊಡಿಸಿದೆ. ಬೆಳಿಗ್ಗೆ ಸ್ಟವ್ ಭರ್ರೆಂದು ಹೊತ್ತಿಕೊಂಡಿತು. ನನ್ನ ಎಡಗಾಲಿಗೆ ಮಾತ್ರ ಮಧ್ಯಾಹ್ನದವರೆಗೂ ಸ್ಪರ್ಶಜ್ಞಾನ ಮರಳಲಿಲ್ಲ.