ಸವೆದ ಅಕ್ಷರದ ಮಾತು

ಸಿನಿಮಾ ಪೋಸ್ಟರಿನಲ್ಲೋ ಪುಸ್ತಕದ ರಕ್ಷಾಪುಟದಲ್ಲೋ ಆ ಸವೆದ, ಚಕ್ಕೆಯೆದ್ದ ಅಕ್ಷರ ಇರುತ್ತದಲ್ಲ, ಅದನ್ನು ಕಂಡರೆ ನನ್ನ ಕಣ್ಣು ಮೊದಲು ಹುಡುಕುವುದು ಎರಡು ಸಲ ಬಂದಿರುವ ಅಕ್ಷರವನ್ನು. ಎರಡು ‘ರ’ಗಳಿದ್ದು, ಎರಡರಲ್ಲೂ ಅದೇ ಜಾಗದಲ್ಲಿ ಅದೇ ಬಿರುಕಿದ್ದರೆ ಆಟ ಮುಗಿಯಿತು. ಮಳೆ ಬಿಸಿಲು ಯಾವತ್ತಾದರೂ ಹಾಗೆ ಅಚ್ಚು ಹಾಕಿದಂತೆ ಸವೆಸುತ್ತವೆಯೇ ಹೇಳಿ?

ಬೇಕೆಂದೇ ಸವೆದಂತೆ ಮಾಡಿದ ಈ ಜಾತಿಯ ಫಾಂಟುಗಳಲ್ಲಿ ನನಗೆ ಬಲು ಪ್ರೀತಿ ಟ್ರಿಕ್ಸಿ ಎಂಬುದರ ಮೇಲೆ. 1991ರಲ್ಲಿ ನೆದರ್ಲೆಂಡ್ಸಿನ ಎರಿಕ್ ವಾನ್ ಬ್ಲಾಕ್ಲಾಂಡ್ ಮಾಡಿದ್ದು. ಬರ್ಲಿನ್ನಿನ ಗೆಳತಿಯೊಬ್ಬಳ ಹಳೇ ಟೈಪ್‌ರೈಟರೇ ಅದಕ್ಕೆ ಮೂಲ. ರಿಬ್ಬನ್ನಿನ ಮಸಿ ಹರಡಿದ ಅಂಚು, ಕೊಳೆ ತುಂಬಿದ ಅಕ್ಷರದ ಹೊಟ್ಟೆ, ಎಲ್ಲವನ್ನೂ ಅವರು ಹಾಗೇ ಉಳಿಸಿಕೊಂಡರು. 1993ರಲ್ಲಿ ಶುರುವಾದ ‘ದಿ ಎಕ್ಸ್-ಫೈಲ್ಸ್’ ಧಾರಾವಾಹಿಯ ಹೆಸರಿಗೆ ಇದನ್ನೇ ಬಳಸಿದರು. ಎಷ್ಟು ಚೆನ್ನಾಗಿ ಕೂತಿತು! ಸರ್ಕಾರದ ಗುಟ್ಟಿನ ಕಡತಗಳ ಕಥೆ, ಕಡತ ಎಂದರೆ ಟೈಪ್ ಮಾಡಿದ್ದು. ಆ ಕೊಳೆಗೆ ಅಲ್ಲೊಂದು ಕಾರಣವಿದೆ. ಕಾರಣವಿಲ್ಲದೆ ಮದುವೆ ಕಾಗದಕ್ಕೆ ಅದನ್ನೇ ಹಾಕಿದರೆ ಬರೀ ಕೊಳೆ.

ಟ್ರಿಕ್ಸಿಗೂ ಒಂದೇ ಕಲೆ ಮತ್ತೆ ಮತ್ತೆ ಬರುವ ಆ ತೊಂದರೆ ಇದ್ದೇ ಇತ್ತು. ಮುಂದೆ ಬಂದ ಟ್ರಿಕ್ಸಿ ಎಚ್‌ಡಿಯಲ್ಲಿ ಒಂದೊಂದು ಅಕ್ಷರಕ್ಕೂ ಹಲವು ರೂಪ ಕೊಟ್ಟು, ಸರದಿಯ ಮೇಲೆ ಬರುವ ಹಾಗೆ ಮಾಡಿದರು. ಆದರೆ ಇದೇ ಎರಿಕ್, ಯುಸ್ಟ್ ವಾನ್ ರೋಸ್ಸಮ್ ಜೊತೆ ಸೇರಿ ಟ್ರಿಕ್ಸಿಗೂ ಮುಂಚೆಯೇ ಇನ್ನೂ ಗಟ್ಟಿ ಕೆಲಸ ಮಾಡಿದ್ದರು: ಬಿಯೋವುಲ್ಫ್ ಎಂಬ ಫಾಂಟ್. ಅದರ ಕೋಡು ಪ್ರಿಂಟರಿನ ಒಳಗೇ ಅಂಚಿನ ಬಿಂದುಗಳನ್ನು ಮನಬಂದಂತೆ ಸರಿಸುತ್ತಿತ್ತು. ಒಂದೇ ಅಕ್ಷರ ಹತ್ತು ಸಲ ಬಂದರೆ ಹತ್ತು ರೂಪ. ಇವತ್ತಿಗೂ ಅಷ್ಟು ಪ್ರಾಮಾಣಿಕವಾದ ಒರಟುತನ ನನಗೆ ಬೇರೆಲ್ಲೂ ಕಂಡಿಲ್ಲ. 2011ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಅದನ್ನು ತನ್ನ ಸಂಗ್ರಹಕ್ಕೆ ತೆಗೆದುಕೊಂಡದ್ದು ನ್ಯಾಯವೇ.

ನಮ್ಮ ಕನ್ನಡಕ್ಕೆ ಬಂದರೆ ಇನ್ನೂ ಹುಷಾರಾಗಿರಬೇಕು ಕಣ್ರೀ. ರೋಮನ್ ‘ಎ’ಗೆ ಎಲ್ಲಿ ಪೆಟ್ಟು ಬಿದ್ದರೂ ಅದು ‘ಎ’ಯೇ. ನಮ್ಮಲ್ಲಿ ಹೊಟ್ಟೆ ಸೀಳು ಇದೆಯಲ್ಲ! ‘ದ’ದ ಬುಡದಲ್ಲಿ ಚಿಕ್ಕದೊಂದು ಗೀರು ಬಿದ್ದರೆ ‘ಧ’, ದನ ಹೋಗಿ ಧನ. ‘ಬ’ ಹೋಗಿ ‘ಭ’, ‘ಡ’ ಹೋಗಿ ‘ಢ’. ಇತ್ತ ಒತ್ತಕ್ಷರಗಳು ಮೊದಲೇ ಚಿಕ್ಕವು, ಅವುಗಳ ಮೇಲೆ ಚುಕ್ಕೆ ಎರಚಿದರೆ ಉಳಿಯುವುದೇನು? ಆದ್ದರಿಂದ ಕನ್ನಡಕ್ಕೆ ಇಂಥ ಫಾಂಟ್ ಮಾಡುವವರು ಇಂಗ್ಲಿಷ್ ಅಕ್ಷರಕ್ಕೆ ಹಾಕುವ ಗೀರಿನ ಪದರವನ್ನೇ ತಂದು ಹೊದಿಸಬಾರದು. ದಪ್ಪ ತಿರುವುಗಳನ್ನು ಧಾರಾಳವಾಗಿ ಕೆರೆಯಲಿ. ಬುಡವನ್ನೂ ಒತ್ತನ್ನೂ ಮುಟ್ಟದಿರಲಿ. ಬಳಸುವವರು ಒಂದೆರಡು ಪದಕ್ಕೆ, ಅದೂ ದೊಡ್ಡ ಅಳತೆಯಲ್ಲಿ ಬಳಸಲಿ.