ಹೊರಗಿನ ಗ್ಲಾಸು ಒಳಗೆ ಬರಲಿ

ಮಕ್ತಲ್ ಕಡೆಯ ನಮ್ಮೂರ ಚಹಾ ಹೋಟೆಲಿನ ಮಾಲೀಕರಿಗೆ ನಮಸ್ಕಾರ.

ಕಾಕಾ, ನಿಮ್ಮ ಹೆಸರನ್ನಾಗಲಿ ಊರಿನ ಹೆಸರನ್ನಾಗಲಿ ಇಲ್ಲಿ ಬರೆದಿಲ್ಲ. ನಾರಾಯಣಪೇಟೆ, ಗದ್ವಾಲ್ ಕಡೆಯ ಹಳ್ಳಿಗಳಲ್ಲೂ ಈ ಕಾಗದ ಓದಿ ‘ಇದು ನನಗೇ ಬರೆದದ್ದು’ ಅಂದುಕೊಳ್ಳುವವರಿದ್ದರೆ ಅವರಿಗೂ ಇದು ಸಲ್ಲುತ್ತದೆ.

ನನ್ನ ತಕರಾರು ಚಹಾದ್ದಲ್ಲ, ಗ್ಲಾಸಿನದು. ಬೆಂಚಿನ ಮೇಲೆ ಕೂತವರಿಗೆ ನೀವು ಗಾಜಿನ ಗ್ಲಾಸು ತಂದುಕೊಡುತ್ತೀರಿ. ಮಾದಿಗರ ಕೇರಿಯಿಂದ ಬಂದವರು ಚಪ್ಪರದ ಗಳಕ್ಕೆ ಸಿಕ್ಕಿಸಿದ ಸ್ಟೀಲ್ ಗ್ಲಾಸನ್ನು ತಾವೇ ಇಳಿಸಿ, ತೊಳೆದು, ಮುಂದೆ ಹಿಡಿಯಬೇಕು. ತಾಗದ ಹಾಗೆ ನೀವು ಮೇಲಿನಿಂದ ಹೊಯ್ಯುತ್ತೀರಿ. ಅವರು ಹೊರಗೆ ಕುಕ್ಕರಗಾಲಲ್ಲಿ ಕೂತು ಕುಡಿದು, ಮತ್ತೆ ತೊಳೆದು, ಅದೇ ಗಳಕ್ಕೆ ಸಿಕ್ಕಿಸಬೇಕು. ರೊಕ್ಕ ಮಾತ್ರ ಎಲ್ಲರದೂ ಒಂದೇ ಡಬ್ಬಿಗೆ ಬೀಳುತ್ತದೆ.

ಹಿಂದಿನಿಂದ ಬಂದದ್ದು ಅನ್ನುತ್ತೀರಿ. ಅದನ್ನು ನಿಲ್ಲಿಸಲೆಂದೇ ಬಂದ ಕಾಯಿದೆಯೂ ಹಳೆಯದೇ. ಅಸ್ಪೃಶ್ಯತಾ ಅಪರಾಧಗಳ ಕಾಯಿದೆ 1955ರ ಜೂನ್ 1ರಂದು ಜಾರಿಗೆ ಬಂತು. ಆಗ ಗದ್ವಾಲ್ ಇನ್ನೂ ರಾಯಚೂರು ಜಿಲ್ಲೆಯಲ್ಲೇ ಇತ್ತು. ಹೋಟೆಲು, ಧರ್ಮಶಾಲೆ, ಮುಸಾಫಿರ್‌ಖಾನೆಗಳಲ್ಲಿ ಎಲ್ಲರಿಗಾಗಿ ಇಟ್ಟ ಪಾತ್ರೆಯನ್ನು ಯಾರಿಗೂ ನಿರಾಕರಿಸುವಂತಿಲ್ಲ ಎಂದು ಅದರ 4ನೇ ಕಲಮು ಬಿಡಿಸಿ ಹೇಳುತ್ತದೆ. 1976ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಿದರು.

ಆ ಕಾಯಿದೆ ಬಂದು ಸರಿಯಾಗಿ ಆರು ತಿಂಗಳಿಗೆ, ಡಿಸೆಂಬರ್ 1ರಂದು, ಅಮೆರಿಕದ ಮಾಂಟ್‌ಗೊಮರಿ ಊರಿನ ಬಸ್ಸಿನಲ್ಲಿ ರೋಸಾ ಪಾರ್ಕ್ಸ್ ಎಂಬ ಕಪ್ಪು ಮಹಿಳೆ ಬಿಳಿಯರಿಗಾಗಿ ಸೀಟು ಬಿಡಲಿಲ್ಲ, ಪೊಲೀಸರು ಹಿಡಿದರು. ಅಲ್ಲಿ ಕಪ್ಪು ಜನರನ್ನು ಬೇರೆ ಕೂರಿಸಿ ಎಂದು ಕಾನೂನೇ ಹೇಳುತ್ತಿತ್ತು. ನಿಮ್ಮ ಮೇಲೆ ಅಂಥ ಯಾವ ಕಾನೂನಿನ ಒತ್ತಾಯವೂ ಇಲ್ಲ, ಕಾಕಾ. ಆ ಊರಿನ ಕಪ್ಪು ಜನ ಒಂದು ವರ್ಷಕ್ಕೂ ಹೆಚ್ಚು ಕಾಲ ಬಸ್ಸು ಹತ್ತದೆ ಕೆಲಸಕ್ಕೆ ಹೋಗಿಬಂದರು. ಕೊನೆಗೆ ಕಾನೂನೇ ಬಿದ್ದುಹೋಯಿತು.

ನಮ್ಮಲ್ಲಿ ಬಹಿಷ್ಕಾರದ ದಿಕ್ಕೇ ಬೇರೆ. ಒಂದೇ ಗ್ಲಾಸು ಬೇಕೆಂದು ಕೇಳಿದ ಕೇರಿಗೇ ಹೊಲದ ಕೂಲಿ ನಿಲ್ಲುತ್ತದೆ, ಕಿರಾಣಿ ಅಂಗಡಿ ಸಾಮಾನು ಕೊಡುವುದಿಲ್ಲ. ಇಂಥ ಬಹಿಷ್ಕಾರವೂ ದೌರ್ಜನ್ಯ ತಡೆ ಕಾಯಿದೆಯಲ್ಲಿ ಅಪರಾಧ. 2015ರ ತಿದ್ದುಪಡಿಯಲ್ಲಿ ಅದನ್ನು ಸ್ಪಷ್ಟವಾಗಿ ಸೇರಿಸಿದ್ದಾರೆ. ಆದರೆ ಸಂಜೆಯ ಒಲೆ ಉರಿಯುವುದು ಅಂದಿನ ಕೂಲಿಯಿಂದ. ಅವರು ಕೇಳುವುದಿಲ್ಲ ಅಂದಮಾತ್ರಕ್ಕೆ ಒಪ್ಪಿದ್ದಾರೆ ಎಂದು ದಯವಿಟ್ಟು ತಿಳಿಯಬೇಡಿ.

ಈಚೆಗೆ ನೀವು ಕಾಗದದ ಕಪ್ಪು ತರಿಸಿದ್ದೀರಿ. ಅದೂ ಹೊರಗಿನವರಿಗೆ ಮಾತ್ರ. ಗಳದ ಮೇಲಿನ ಗ್ಲಾಸು ಹೋಯಿತು ಅಂತ ತೋರಿಸಬಹುದು, ಭೇದ ಹೋಗಲಿಲ್ಲ.

ಒಳಗೆ ಕೂರುವ ಗಿರಾಕಿಗಳು ಎದ್ದು ಹೋದಾರು ಎಂಬ ನಿಮ್ಮ ಭಯ ಸುಳ್ಳಲ್ಲ, ಕೆಲವರು ಹೋಗಲೂಬಹುದು. ಆದರೂ ಎಲ್ಲ ಗ್ಲಾಸುಗಳನ್ನು ಒಂದೇ ಬುಟ್ಟಿಗೆ ಹಾಕಿ ತೊಳೆಯಿರಿ, ಬಂದವರನ್ನೆಲ್ಲ ಬೆಂಚಿನ ಮೇಲೆ ಕೂರಿಸಿ. ಮೊದಲ ದಿನ ಬೆಳಿಗ್ಗೆಯಿಂದ ನಾನು ಅಲ್ಲೇ ಕೂತಿರುತ್ತೇನೆ. ಯಾರಾದರೂ ಜಗಳ ತೆಗೆದರೆ ಮಾತಾಡುವುದು ನನಗೆ ಬಿಡಿ.

ನಿಮ್ಮ ದಿನದ ಗಿರಾಕಿ