ಅರವತ್ನಾಲ್ಕು ತಲೆ, ಎಂಟು ಜಿಬಿ: ಭಾವೀ ಸದಸ್ಯರಿಗೊಂದು ಬಹಿರಂಗ ಪತ್ರ

ಯುವ ಮುಖಂಡರೂ, ಬಡವರ ಬಂಧುವೂ, ದ್ರಾಕ್ಷಿ ಬೆಳೆಗಾರರ ಕಣ್ಮಣಿಯೂ, ತಿಕೋಟಾ-ಬಬಲೇಶ್ವರ ಭಾಗದ ಭಾವೀ ಜಿಲ್ಲಾ ಪಂಚಾಯಿತಿ ಸದಸ್ಯರೂ ಆದ ಸಾಹೇಬರಿಗೆ, ವಿಜಯಪುರದ ಫ್ಲೆಕ್ಸ್ ಡಿಸೈನರನ ನಮಸ್ಕಾರಗಳು.

ಬಿರುದು ಯಾವುದಾದರೂ ಬಿಟ್ಟುಹೋಗಿದ್ದರೆ ಸಿಟ್ಟಾಗಬೇಡಿ. ಇದು ಬರೀ ಕಾಗದ, ಇಪ್ಪತ್ತು ಅಡಿಯ ಫ್ಲೆಕ್ಸ್ ಅಲ್ಲ. ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿದು, ಚುನಾವಣೆ ಮುಂದೆ ಮುಂದೆ ಹೋಗುತ್ತಲೇ ಬಂದದ್ದರಿಂದ ನಿಮ್ಮ 'ಭಾವೀ' ಇಷ್ಟು ವರ್ಷ ಬಾಳಿಕೆ ಬಂತು. ನನ್ನ ಕಂಪ್ಯೂಟರ್ ಅಷ್ಟು ಬಾಳುವ ಲಕ್ಷಣ ಕಾಣುತ್ತಿಲ್ಲ.

ಸಂಕ್ರಮಣದ ಸಿದ್ಧೇಶ್ವರ ಜಾತ್ರೆಗೆ ಶುಭ ಕೋರಿದ ನಿಮ್ಮ ಬ್ಯಾನರಿನ ಅಳತೆ ಇಪ್ಪತ್ತಕ್ಕೆ ಹತ್ತು ಅಡಿ. ಅದರಲ್ಲಿ ಅರವತ್ನಾಲ್ಕು ತಲೆ. ಮೊದಲು ಇಷ್ಟಿರಲಿಲ್ಲ. ವಿಜಯಪುರ ತಾಲ್ಲೂಕಿನಿಂದ ತಿಕೋಟಾ, ಬಬಲೇಶ್ವರ ಬೇರೆ ಬೇರೆ ತಾಲ್ಲೂಕುಗಳಾದ ಮೇಲೆ ನಿಮ್ಮ ಅಭಿಮಾನಿ ಬಳಗಕ್ಕೂ ಎರಡು ಘಟಕ, ಎರಡು ಅಧ್ಯಕ್ಷರು, ನಾಲ್ಕು ಉಪಾಧ್ಯಕ್ಷರು ಬಂದರು. ತಹಶೀಲ್ದಾರ್ ಕಚೇರಿಗಿಂತ ಮೊದಲು ಫ್ಲೆಕ್ಸ್ ಅಂಗಡಿಗೆ ಆಡಳಿತ ವಿಕೇಂದ್ರೀಕರಣದ ಬಿಸಿ ತಟ್ಟಿತು. ಇದರ ಮೇಲೆ ನಿಮ್ಮದೇ ನಾಲ್ಕು ಭಂಗಿ: ಕೈ ಮುಗಿದದ್ದು, ಕೈ ಬೀಸಿದ್ದು, ಫೋನು ಕಿವಿಗೆ ಹಿಡಿದದ್ದು, ಯಾರೂ ಕರೆಯದಿದ್ದರೂ ನಡೆದು ಬರುತ್ತಿರುವುದು.

ರಾತ್ರಿ ಹನ್ನೊಂದಕ್ಕೆ ಬಬಲೇಶ್ವರದಿಂದ ನಿಮ್ಮ ಫೋನು. "ತಮ್ಮಾ, ನಮ್ಮ ಮಾವಾರ ಫೋಟೋ ಒಂದು ಉಳದೈತಿ. ಅದೊಂದು ಕುಂದ್ರಿಸಿ ಬಿಡು." ಕುಂದ್ರಿಸಿದೆ. ಮಾವನವರು ಅರ್ಧ ಬಂದು ನಿಂತರು. "ಯಾಕ ತಡಾ? ಒಂದ್ ಟಿಬಿ ಐತಿ ಅಂತಿದ್ದೆಲ್ಲೋ?" ಎಂದು ಬೈದಿರಿ.

ಸಾಹೇಬರೇ, ಆ ಟಿಬಿ ಬೇರೆ, ನನ್ನ ಕಂಪ್ಯೂಟರಿನ ರ‍್ಯಾಮಿನ ಈ ಎಂಟು ಜಿಬಿ ಬೇರೆ. ನಿಮ್ಮ ತೋಟದ ಲೆಕ್ಕದಲ್ಲೇ ಹೇಳುತ್ತೇನೆ. ಒಂದು ಟಿಬಿ ಡಿಸ್ಕ್ ಎಂದರೆ ಒಣದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜ್. ರ‍್ಯಾಮ್ ಎಂದರೆ ಹಸಿ ಹಣ್ಣು ಹರಡುವ ಶೆಡ್ಡಿನ ಬಲೆ. ಸ್ಟೋರೇಜ್ ಎಷ್ಟು ದೊಡ್ಡದಿದ್ದರೇನು, ಬಲೆಯ ಮೇಲೆ ಜಾಗ ಇಲ್ಲದಿದ್ದರೆ ಇವತ್ತು ಕೊಯ್ದದ್ದು ಹೊರಗೇ ಉಳಿಯುತ್ತದೆ. ಹಾಗೆ ಉಳಿದದ್ದನ್ನು ಫೋಟೋಶಾಪ್ ಡಿಸ್ಕಿನ ಒಂದು ಮೂಲೆಯಲ್ಲಿ ಪೇರಿಸಿ, ಬೇಕಾದಾಗೊಮ್ಮೆ ಎತ್ತಿ ತರುತ್ತದೆ. ಆ ಮೂಲೆಗೆ ಸ್ಕ್ರ್ಯಾಚ್ ಡಿಸ್ಕ್ ಎನ್ನುತ್ತಾರೆ. ನಿಮ್ಮ ಮಾವನವರು ಅಂದು ಅಲ್ಲಿಗೂ ಇಲ್ಲಿಗೂ ಅಲೆಯುತ್ತಿದ್ದರು.

ಬೆಂಗಳೂರಿನ ನಿಮ್ಮ ಅಳಿಯನಿಗೂ ಒಂದು ಮಾತು ಹೇಳಬೇಕು. "ಕ್ವಾಲಿಟಿ ಮುಖ್ಯ, 300 ಡಿಪಿಐನಲ್ಲೇ ಮಾಡಿ" ಎಂದು ಅವರು ಅಪ್ಪಣೆ ಕೊಡಿಸಿದ್ದರು. ಇಪ್ಪತ್ತಕ್ಕೆ ಹತ್ತು ಅಡಿಯನ್ನು 72 ಡಿಪಿಐನಲ್ಲಿ ಮಾಡಿದರೆ ಒಂದು ಪೂರ್ತಿ ಲೇಯರಿಗೆ ಹೆಚ್ಚುಕಡಿಮೆ 600 ಎಂಬಿ ಬೇಕು. 300 ಡಿಪಿಐನಲ್ಲಿ ಅದೇ ಲೇಯರು 10 ಜಿಬಿ ದಾಟುತ್ತದೆ. ಹಿಂದಿನ ಆಕಾಶಕ್ಕೇ 10 ಜಿಬಿ ಹೋದರೆ ಮುಂದಿನ ನಾಯಕರು ಎಲ್ಲಿ ನಿಲ್ಲಬೇಕು? ಅಗಲ 72,000 ಪಿಕ್ಸೆಲ್ ಆಗುತ್ತದೆ; ಮಾಮೂಲಿ ಪಿಎಸ್‌ಡಿ ಫೈಲು 30,000ದ ಆಚೆಗೆ ಸೇವ್ ಆಗುವುದೇ ಇಲ್ಲ. ಇಷ್ಟೆಲ್ಲ ಮಾಡಿ ಕಟ್ಟುವುದು ರಸ್ತೆಯ ಕಂಬಕ್ಕೆ, ಓಡುವ ಬಸ್ಸಿನ ಕಿಟಕಿಯಿಂದ ನೋಡುವವರಿಗಾಗಿ. ಅಷ್ಟು ದೂರಕ್ಕೆ 72 ಡಿಪಿಐ ಧಾರಾಳವಾಯಿತು. ಮೇಲಾಗಿ ಫೋಟೋಗಳು ಬಂದದ್ದು ವಾಟ್ಸಾಪ್‌ನಲ್ಲಿ ಹಿಂಡಿ ಹಿಪ್ಪೆಯಾಗಿ. ಮಾವನವರದಂತೂ ಆಧಾರ್ ಕಾರ್ಡಿನ ಫೋಟೋದ ಫೋಟೋ.

ಶಲ್ಯದ ಬಣ್ಣದ ಪ್ರಕರಣ ನೆನಪಿರಬೇಕು. ಬೆಳಿಗ್ಗೆ ಬಣ್ಣ ಬದಲಿಸು ಎಂದಿರಿ. ಮಧ್ಯಾಹ್ನ ಇನ್ನೊಂದು ಪಕ್ಷದ ಜತೆಗಿನ ಮಾತುಕತೆ ಮುರಿದುಬಿತ್ತು. ಸಂಜೆ "ಮೊದಲಿಂದೇ ಚಲೋ ಇತ್ತು ನೋಡು" ಎಂದಿರಿ. ಫೋಟೋಶಾಪ್ ತಾನಾಗಿ 50 ಹೆಜ್ಜೆ ಹಿಂದಿನದನ್ನು ನೆನಪಿಟ್ಟುಕೊಳ್ಳುತ್ತದೆ, ಆ ನೆನಪಿಗೂ ರ‍್ಯಾಮ್ ಬೇಕು. ಮತದಾರರಿಗೆ ಅಷ್ಟು ಹೆಜ್ಜೆಯ ನೆನಪಿಲ್ಲದಿರುವುದು ನಿಮ್ಮ ಪುಣ್ಯ.

ಹಾಗಾದರೆ ಎಷ್ಟು ಜಿಬಿ ಬೇಕು? ಕಂಪ್ಯೂಟರ್ ಅಂಗಡಿಯ ಹುಡುಗನನ್ನು ಕೇಳಿದರೆ, "64 ತಗೋರಿ ಸರ, ಬಣ್ಣಬಣ್ಣದ ಲೈಟ್ ಹೊಡಿತಾವ" ಎನ್ನುತ್ತಾನೆ. ಲೈಟ್ ಹೊಡೆಯಲು ನಿಮ್ಮ ಪ್ರಭಾವಳಿಯೇ ಸಾಕು. ಲಗ್ನಪತ್ರಿಕೆ, ವಿಸಿಟಿಂಗ್ ಕಾರ್ಡು, ಒಣದ್ರಾಕ್ಷಿ ಬಾಕ್ಸಿನ ಲೇಬಲ್ಲು ಮಾತ್ರ ಕೋರೆಲ್‌ಡ್ರಾದಲ್ಲಿ ಮಾಡುವವನಿಗೆ 8 ಜಿಬಿಯಲ್ಲಿ ಹೇಗೋ ನಡೆಯುತ್ತದೆ. ಫೋಟೋಶಾಪ್ ತಯಾರಿಸುವ ಅಡೋಬಿಯವರೇ 8 ಕನಿಷ್ಠ, 16 ಇದ್ದರೆ ಮೇಲು ಎನ್ನುತ್ತಾರೆ. ಫ್ಲೆಕ್ಸಿಗೂ ಮದುವೆ ಆಲ್ಬಮ್ಮಿಗೂ ನನ್ನ ಮತ 16ಕ್ಕೇ. ಮದುವೆಯ 4ಕೆ ವಿಡಿಯೊ ಕತ್ತರಿಸುವವರು, ಮನೆಯ ತ್ರೀಡಿ ಎಲಿವೇಶನ್ ಮಾಡುವವರು 32 ಹಾಕಿಸಲಿ. ಅದರಾಚೆಗೆ ಕೊಳ್ಳುವವರಲ್ಲಿ ಹೆಚ್ಚಿನವರು ಪಕ್ಕದ ಅಂಗಡಿಯವನ ಹೊಟ್ಟೆ ಉರಿಸಲು ಕೊಳ್ಳುತ್ತಾರೆ. 16 ಹಾಕುವುದಾದರೂ ಎಂಟೆಂಟರ ಜೋಡಿ ಹಾಕಿದರೆ ಕೆಲಸ ಚುರುಕು. ಡಿಡಿಆರ್4 ಬೋರ್ಡಿಗೆ ಡಿಡಿಆರ್5 ಪಟ್ಟಿ ಕೂರುವುದಿಲ್ಲ, ಒತ್ತಿ ನೋಡಬೇಡಿ. ಹಲವು ತೆಳ್ಳನೆಯ ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಅಲ್ಲಿ ಕೊಳ್ಳುವ ದಿನ ಮಾಡಿದ ಆಯ್ಕೆಯೇ ಕಡೆಯದು, ನಿಮ್ಮ ಹಾಗೆ ಆಮೇಲೆ ಮನಸ್ಸು ಬದಲಿಸಲು ಬರುವುದಿಲ್ಲ.

"ಹಂಗಾರ ಒಂದು ಹಾಕ್ಸು, ಎಷ್ಟಾಗ್ತದ?" ಎನ್ನುತ್ತೀರಿ. ಮೊದಲೇ ಹಾಕಿಸಬೇಕಿತ್ತು. 2025ರ ಕೊನೆಯ ತಿಂಗಳುಗಳಿಂದ ರ‍್ಯಾಮ್ ದರ ಏರುತ್ತಾ ಹೋಯಿತು. ಚಿಪ್ ಮಾಡುವ ಕಂಪನಿಗಳಿಗೆ ಎಐ ಡೇಟಾ ಸೆಂಟರುಗಳೇ ದೊಡ್ಡ ಗಿರಾಕಿ. ಮೈಕ್ರಾನ್ ಕಂಪನಿ ಆ ಡಿಸೆಂಬರಿನಲ್ಲಿ, ಕ್ರೂಷಿಯಲ್ ಹೆಸರಿನಲ್ಲಿ ಸಾಮಾನ್ಯ ಗ್ರಾಹಕರಿಗೆ ಮಾರುವ ವ್ಯಾಪಾರವನ್ನೇ ಬಿಡುವುದಾಗಿ ಸಾರಿತು. ಹೀಗೆ ನಿಮ್ಮ ಅಳಿಯ ಎಐಗೆ ಹೇಳಿ ನಿಮ್ಮನ್ನು ಕುದುರೆಯ ಮೇಲೆ ಕೂರಿಸುವುದಕ್ಕೂ ನನ್ನ ಎರಡನೇ ಸ್ಲಾಟ್ ಖಾಲಿ ಉಳಿದದ್ದಕ್ಕೂ ದೂರದ ನಂಟಿದೆ.

ರಾಜ್ಯ ಸರ್ಕಾರ ಪ್ಲಾಸ್ಟಿಕ್ ಜತೆಗೆ ಫ್ಲೆಕ್ಸನ್ನೂ ನಿಷೇಧಿಸಿದ್ದು 2016ರಲ್ಲಿ. ಅದು ನಿಮಗೂ ಗೊತ್ತು, ನನಗೂ ಗೊತ್ತು, ಕಂಬಕ್ಕೂ ಗೊತ್ತು. ಆದ್ದರಿಂದ ಆ ವಿಷಯವನ್ನು ನಮ್ಮಿಬ್ಬರ ಪದ್ಧತಿಯಂತೆ ಇಲ್ಲಿಗೇ ಬಿಡೋಣ.

ಬಾಕಿ ವಿಷಯ ಬಿಡಲಾಗದು. ಜಾತ್ರೆಯ ಬ್ಯಾನರಿನದು, ನಿಮ್ಮ ಹುಟ್ಟುಹಬ್ಬದ ಎರಡರದು, ಶಲ್ಯದ ಬಣ್ಣ ಬದಲಿಸಿದ್ದರದು, ಎಲ್ಲ ಸೇರಿ ಪಟ್ಟಿಯನ್ನು ಇದರೊಂದಿಗೆ ಲಗತ್ತಿಸಿದ್ದೇನೆ. ಹಣ ಬಂದ ದಿನವೇ ಇನ್ನೊಂದು ಎಂಟು ಜಿಬಿ ಪಟ್ಟಿ ಹಾಕಿಸುತ್ತೇನೆ. ಬರುವವರೆಗೆ ನಮ್ಮ ಅಂಗಡಿಯ ನಿಯಮ ಇಷ್ಟು: ಜಿಬಿಗೆ ಎರಡು ತಲೆ, ಒಬ್ಬರಿಗೆ ಒಂದೇ ಭಂಗಿ. ಎಂಟು ಜಿಬಿಗೆ ಹದಿನಾರು ಮಂದಿ. ಯಾರನ್ನು ಇಳಿಸಬೇಕೆಂಬುದನ್ನು ತಾವೇ ತೀರ್ಮಾನಿಸಿ ಶನಿವಾರದೊಳಗೆ ತಿಳಿಸಬೇಕು. ಮಾವನವರಿಗೆ ತಾವೇ ಹೇಳಬೇಕು.

ಇಂತಿ ತಮ್ಮ ವಿಧೇಯ,
ಫ್ಲೆಕ್ಸ್ ಡಿಸೈನರ್, ವಿಜಯಪುರ